ಮಾಸ್ತಿಯ ಬೇಲಿಗೆ ಬಳಿದ ಎಣ್ಣೆ

"ಹಳೇ ಗಾಡಿಗೆ ದಪ್ಪ ಎಣ್ಣೆ. ಅದ್ರಲ್ಲಿ ಕೇಳೂದೆಂತ ಅದೆ?" ಎಂದ ಅಂಗಡಿಯವ.

ಕಲ್ಲವ್ವ ಕೇಳಿದ್ದು ಅದನ್ನಲ್ಲ. ತನ್ನ ಕೈಲಿದ್ದ ಸಣ್ಣ ಬಾಟಲಿಯೊಳಗಿನ ಎಣ್ಣೆ ಯಾವ ಜಾತಿಯದು, ಯಾವ ಗಾಡಿಗೆ ಹಾಕುವಂಥದು ಎಂದು ಕೇಳಿದ್ದಳು. ಆದರೆ ಶಿರಸಿಯ ಆ ಬಿಡಿಭಾಗದ ಅಂಗಡಿಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವವರು ಒಬ್ಬರೂ ಇರಲಿಲ್ಲ. ಕೇಳದೇ ಇದ್ದದ್ದಕ್ಕೆ ಉತ್ತರ ಕೊಡುವವರು ಮೆಟ್ಟಿಲಿನವರೆಗೂ ತುಂಬಿದ್ದರು.

ಬ್ರೇಕ್ ವಾಯರ್ ಕೊಳ್ಳಲು ಬಂದಿದ್ದ ಟೆಂಪೋದವನು, ದಪ್ಪ ಎಣ್ಣೆಯೆಲ್ಲ ಅಜ್ಜನ ಕಾಲದ ಮಾತು, ಈಗಿನ ಸಿಂಥೆಟಿಕ್ ಹಾಕಿದರೆ ಸತ್ತ ಎಂಜಿನ್ನೂ ಎದ್ದು ಕೂರುತ್ತದೆ ಎಂದ. ಅವನ ಹಿಂದೆ ನಿಂತಿದ್ದ ನಿವೃತ್ತ ಮೇಷ್ಟರು, ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವ ನಂಬರು ಬರೆದಿದೆಯೋ ಅದನ್ನು ಬಿಟ್ಟು ಬೇರೆಯದನ್ನು ಮೂಸಲೂಬಾರದು ಎಂದರು. ಪುಸ್ತಕ ಬರೆದವನು ನಮ್ಮ ಘಟ್ಟ ಹತ್ತಿದ್ದಾನೋ ಎಂದು ಟೆಂಪೋದವನು ಕೇಳಿದ. ಹತ್ತದೇ ಬರೆಯುತ್ತಾರೆಯೇ ಎಂದು ಮೇಷ್ಟರು. ಅಷ್ಟರಲ್ಲಿ ಮೂರನೆಯವನೊಬ್ಬ ಬಾಟಲಿಯನ್ನು ಕಲ್ಲವ್ವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಇದು ತೆಂಗಿನೆಣ್ಣೆಯ ಹಾಗೆ ಕಾಣುತ್ತದಲ್ಲ ಎಂದು ಇನ್ನೊಂದು ಪಂಚಾಯಿತಿ ಶುರು ಮಾಡಿದ.

"ಕೊಡ್ರಿ ಇಲ್ಲೆ ಅದನ್ನ," ಎಂದು ಕಲ್ಲವ್ವ ಬಾಟಲಿ ಕಸಿದುಕೊಂಡಳು. "ತಲಿಗೆ ಹಚ್ಚಿಕೊಳ್ಳೂದಲ್ಲ ಅದು. ಸಾಕ್ಷಿ ಐತಿ."

ಸಾಕ್ಷಿಯೇ ಹೌದು. ಪಾತ್ರೆ ಅಂಗಡಿಯ ಶಿವಲಿಂಗಪ್ಪನವರನ್ನು ಅರಬೈಲ್ ಘಟ್ಟದ ತಿರುವಿನಲ್ಲಿ ಕಂದಕಕ್ಕೆ ಒಯ್ದು ಕೊಂದ ಹಳೇ ಪದ್ಮಿನಿ ಕಾರಿನ ಎಂಜಿನ್ನಿನಿಂದ ತೆಗೆದ ಎಣ್ಣೆ ಅದು. ಇಳಿಜಾರಿನಲ್ಲಿ ಎಂಜಿನ್ ಒಮ್ಮೆಲೇ ಬಿಗಿದು ಹಿಡಿದಿತ್ತು, ಹಿಂದಿನ ಗಾಲಿಗಳು ತಿರುಗುವುದನ್ನೇ ನಿಲ್ಲಿಸಿದ್ದವು, ಕಾರು ಜಾರಿತ್ತು. ಎರಡು ದಿನ ಮೊದಲು, ಶುಕ್ರವಾರ, ಆ ಕಾರಿಗೆ ಎಣ್ಣೆ ಬದಲಿಸಿದ್ದು ಮೆಕ್ಯಾನಿಕ್ ಉಲ್ಲಾಸ. ಹಾಕಬಾರದ ಎಣ್ಣೆ ಹಾಕಿ ಸಾವಿಗೆ ಕಾರಣನಾದ ಎಂದು ಈಗ ಅವನ ಕುತ್ತಿಗೆಗೆ ಬಂದಿತ್ತು. ಅವನ ಹೆಂಡತಿ ದಿವ್ಯಾ ಕಣ್ಣೀರು ಹಾಕಿಕೊಂಡು ಬಂದು ಕೂತಿದ್ದು ಪೊಲೀಸ್ ಸ್ಟೇಷನ್ನಿನ ಮೆಟ್ಟಿಲ ಮೇಲಲ್ಲ. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾಗಿ, ಮನೆಯಲ್ಲಿ ಉಪ್ಪಿನಕಾಯಿ ಹಾಕಿಕೊಂಡು ಸುಖವಾಗಿದ್ದ ಕಲ್ಲವ್ವನ ಮೆಟ್ಟಿಲ ಮೇಲೆ.

ಫೋನು ಬಡಿದುಕೊಂಡಿತು. ಕೇಸು ನೋಡುತ್ತಿದ್ದ ಎಸ್ಸೈ ಭರತ್. ಒಂದು ಕಾಲಕ್ಕೆ ಕಲ್ಲವ್ವನ ಕೈಕೆಳಗೆ ಲಾಠಿ ಹಿಡಿಯುವುದನ್ನು ಕಲಿತವನು. ಅದೇ ಸಲಿಗೆಯಿಂದ ಅವಳಿಗೆ ಬಾಟಲಿ ಕೊಟ್ಟಿದ್ದ, ಸುತ್ತಾಡಲು ಬಿಟ್ಟಿದ್ದ.

"ಅಕ್ಕಾ, ಸಂಜೆಯೊಳಗೆ ಏನಾದ್ರೂ ತೋರಿಸಿದ್ರೆ ಸರಿ. ಇಲ್ಲಾಂದ್ರೆ ಉಲ್ಲಾಸನ್ನ ಒಳಗೆ ಹಾಕೂದೇ. ಮೇಲಿನವರು ನನ್ನ ತಲೆ ತಿಂತಾ ಇದ್ದಾರೆ."

"ನಿನ್ನ ತಲಿ ತಿಂದ್ರ ಅವರಿಗೇ ಲುಕ್ಸಾನು," ಎಂದು ಕಲ್ಲವ್ವ ಫೋನಿಟ್ಟಳು. ಮಾತು ಗಟ್ಟಿಯಾಗಿಯೇ ಬಂದಿತ್ತು. ಒಳಗೆ ಮಾತ್ರ ಅಷ್ಟು ಭರವಸೆ ಇರಲಿಲ್ಲ. ಕಳ್ಳರ ಹಿಂದೆ ಬಿದ್ದಿದ್ದಳು, ಗಂಧದ ತುಂಡು ಸಾಗಿಸುವವರ ಹಿಂದೆ ಬಿದ್ದಿದ್ದಳು. ಈ ಎಣ್ಣೆಯ ಹಿಂದೆ ಬಿದ್ದು ವಾರವಾದರೂ ಕೈಗೆ ಹತ್ತಿದ್ದು ಜಿಡ್ಡು ಮಾತ್ರ.

*

ಉಲ್ಲಾಸನ ಗ್ಯಾರೇಜು ಯಲ್ಲಾಪುರದ ರಸ್ತೆಯಲ್ಲಿ. ಬಾಗಿಲು ಅರ್ಧ ಎಳೆದಿತ್ತು. ರಿಪೇರಿಗೆ ಬಂದ ಒಂದು ವ್ಯಾನು ಬಿಟ್ಟರೆ ಅಂಗಳ ಖಾಲಿ. ಗಿರಾಕಿಗಳು ಕೇಸಿನ ಸುದ್ದಿ ಕೇಳಿದ್ದೇ ಗಾಡಿ ಬಿಡಿಸಿಕೊಂಡು ಹೋಗಿದ್ದರು.

ಕಾರ್ಬುರೇಟರಿನ ಕಾರುಗಳನ್ನು ಇನ್ನೂ ಪ್ರೀತಿಯಿಂದ ಮುಟ್ಟುವವನು ಆ ಸುತ್ತಿನಲ್ಲಿ ಅವನೊಬ್ಬನೇ. ಮೂವತ್ತೈದರ ಆಸುಪಾಸಿನವನು, ತೆಳ್ಳಗೆ, ಮಾತು ಕಡಿಮೆ. ಬಾಟಲಿಯ ಎಣ್ಣೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನೋಡಿ ಮುಖ ಹುಳ್ಳಗೆ ಮಾಡಿದ.

"ಇದು ಹೊಸ ಕಾರಿನ ಎಣ್ಣೆ ಅಕ್ಕಾ. ನೀರಿನಂಗೆ. ಹೊಸ ಎಂಜಿನ್ನಲ್ಲಿ ಸಂದು ಕೂದಲಷ್ಟು ಇರ್ತದೆ, ಅದಕ್ಕೆ ಇದೇ ಆಗ್ಬೇಕು. ಶಿವಲಿಂಗಪ್ಪನವರ ಕಾರು ಹಾಗಲ್ಲ. ತಿರುಗಿ ತಿರುಗಿ ಸವೆದು ಸಂದೆಲ್ಲ ದೊಡ್ಡದಾಗಿ ಹೋಗದೆ. ದಪ್ಪ ಎಣ್ಣೆ ಆದ್ರೆ ಅಲ್ಲಿ ನಿಲ್ತದೆ. ಇದು ನಿಲ್ಲೂದಿಲ್ಲ. ಅದ್ರ ಮೇಲಿಂದ, ಎಂಜಿನ್ನಿನ ಅಡಿಯ ಎಣ್ಣೆ ಚೇಂಬರಿನ ಹಳೇ ಕಾರ್ಕ್ ಪ್ಯಾಕಿಂಗಿನಲ್ಲಿ ಸೋರೂಕೆ ಹಿಡೀತದೆ. ನಾ ಹಾಕಿದ್ದು ಇಪ್ಪತ್ತು ಐವತ್ತು ನಂಬರಿನ ದಪ್ಪ ಎಣ್ಣೆ. ಜೇನುತುಪ್ಪದಂಗಿದ್ದದ್ದು. ದೇವ್ರಾಣೆ."

ಇದನ್ನು ಅವನು ಭರತನಿಗೂ ಹೇಳಿದ್ದ. ಭರತ ಬರೆದುಕೊಂಡೂ ಇದ್ದ. ಆದರೆ ಆರೋಪಿಯ ಆಣೆಗೆ ಸ್ಟೇಷನ್ನಿನಲ್ಲಿ ಎಷ್ಟು ಬೆಲೆಯೆಂದು ಕಲ್ಲವ್ವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಎಣ್ಣೆಯ ಒತ್ತಡ ಇಳಿದರೆ ಚಾಲಕನ ಮುಂದೆ ಒಂದು ಕೆಂಪು ದೀಪ ಹೊತ್ತಬೇಕು. ಹೊತ್ತಿದ್ದರೆ ಶಿವಲಿಂಗಪ್ಪನವರು ಅಲ್ಲಿಯೇ ಗಾಡಿ ನಿಲ್ಲಿಸುತ್ತಿದ್ದರು. ಆ ಕಾರನ್ನು ಅವರು ಮನೆಯ ಹಿರಿಯರಂತೆ ನೋಡಿಕೊಂಡವರು. ಆದರೆ ದೀಪಕ್ಕೆ ಹೋಗುವ ವಾಯರು ಎಂಜಿನ್ನಿನ ಕಡೆ ಕಳಚಿಕೊಂಡಿತ್ತು. ಬಿದ್ದ ಹೊಡೆತಕ್ಕೆ ಕಳಚಿರಬಹುದು ಎಂದು ಭರತ. ಯಾರೋ ಕಳಚಿರಬಹುದು ಎಂದು ಕಲ್ಲವ್ವ. ಎರಡಕ್ಕೂ ಸಾಕ್ಷಿಯಿಲ್ಲ. ಇಲ್ಲಿಯೂ ದಾರಿ ಮುಚ್ಚಿತ್ತು.

ಚಹಾ ತಂದ ದಿವ್ಯಾ ಲೋಟ ಕೊಡುತ್ತ, ಆ ಭಾನುವಾರ ಕಾರು ಬೆಳಿಗ್ಗೆಯೇ ಶಿರಸಿ ಬಿಟ್ಟರೂ ಅರಬೈಲ್ ಮುಟ್ಟಿದ್ದು ಮಧ್ಯಾಹ್ನ ತಿರುಗಿದ ಮೇಲೆ, ನಡುವೆ ಎಲ್ಲಿತ್ತು ಎಂದು ಪೊಲೀಸರು ಕೇಳುತ್ತಲೇ ಇದ್ದಾರಂತಲ್ಲ ಎಂದಳು. ಹೌದು, ಯಾರಿಗೂ ಗೊತ್ತಿಲ್ಲ ಎಂದಳು ಕಲ್ಲವ್ವ.

"ಮತ್ತೆಲ್ಲಿ, ಮತ್ತಿಘಟ್ಟಕ್ಕೇ ಹೋಗಿರ್ಬೇಕು," ಎಂದಳು ದಿವ್ಯಾ. "ಸುಟ್ಟೆಣ್ಣೆ ಕೊಡೂಕೆ."

ಕಲ್ಲವ್ವನ ಲೋಟ ತುಟಿಯ ಹತ್ತಿರವೇ ನಿಂತಿತು.

ಈ ಸೀಮೆಯಲ್ಲಿ ಗಾಡಿಯಿಂದ ಇಳಿಸಿದ ಹಳೇ ಎಣ್ಣೆಯನ್ನು ಚೆಲ್ಲುವವರಿಲ್ಲ. ಬೇಲಿಯ ಗೂಟಕ್ಕೆ, ಕೊಟ್ಟಿಗೆಯ ಕಂಬಕ್ಕೆ, ಗೇಟಿನಂಥ ದಣಪೆಯ ಗಳಗಳಿಗೆ ಅದನ್ನು ಬಳಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಅದಕ್ಕಾಗಿ ಗ್ಯಾರೇಜಿಗೆ ಡಬ್ಬ ಹಿಡಿದು ಬರುವವರಲ್ಲಿ ಜಗಳವೂ ಆಗುವುದುಂಟು. ಶಿವಲಿಂಗಪ್ಪನವರು ಮಾತ್ರ ತಮ್ಮ ಕಾರಿನ ಎಣ್ಣೆಯನ್ನು ಯಾರಿಗೂ ಬಿಡುತ್ತಿರಲಿಲ್ಲ. ಡಬ್ಬಕ್ಕೆ ತುಂಬಿಸಿ ಡಿಕ್ಕಿಯಲ್ಲಿಟ್ಟುಕೊಂಡು ಹೋಗಿ, ತಮ್ಮ ತಂದೆಯ ಕಾಲದಿಂದ ಪರಿಚಯವಿದ್ದ ಮತ್ತಿಘಟ್ಟದ ಮಾಸ್ತಿಗೆ ಕೈಯಾರೆ ಕೊಡುತ್ತಿದ್ದರು. ಪ್ರತಿ ಸಲವೂ ಹಾಗೆಯೇ ಎಂದು ದಿವ್ಯಾ ವಿವರಿಸಿದಳು.

ಒಡೆದ ಕಾರಿನ ಡಿಕ್ಕಿಯ ಫೋಟೋ ಕಲ್ಲವ್ವನ ಮೊಬೈಲಿನಲ್ಲಿತ್ತು. ಬಿಡಿ ಗಾಲಿ, ಜಾಕು, ಒಂದು ಛತ್ರಿ. ಡಬ್ಬವಿಲ್ಲ.

"ಇದನ್ನ ಮೊದಲ ಯಾಕ ಹೇಳಲಿಲ್ಲಪಾ ನೀ?" ಎಂದು ಅವಳು ಉಲ್ಲಾಸನನ್ನು ಕೇಳಿದಳು. ವಾರದಿಂದ ಯಲ್ಲಾಪುರದ ದಾರಿಯ ಹೋಟೆಲು, ಪೆಟ್ರೋಲ್ ಬಂಕು ಎಲ್ಲ ಅಲೆದಿದ್ದ ಕಾಲು ಈಗ ಒಮ್ಮೆಲೇ ನೋಯತೊಡಗಿತ್ತು.

ನೆನಪಾಗಲಿಲ್ಲ ಎಂದ ಉಲ್ಲಾಸ. ಮಾಸ್ತಿಗೆ ವಯಸ್ಸಾಗಿದೆ, ನಿನ್ನೆಯದು ಇವತ್ತು ನೆನಪಿರುವುದಿಲ್ಲ, ಅಲ್ಲಿಗೆ ಹೋಗಿ ಉಪಯೋಗವೂ ಇಲ್ಲ ಎಂದ. ಕಲ್ಲವ್ವ ಅಷ್ಟರಲ್ಲಿ ಭರತನಿಗೆ ಜೀಪು ತರಲು ಹೇಳುತ್ತಿದ್ದಳು. ಆದರೆ ಮತ್ತಿಘಟ್ಟಕ್ಕೆ ಹೋಗುವ ಮೊದಲು ಇನ್ನೊಂದು ಕಡೆ ನೋಡುವುದಿತ್ತು.

*

ಶಿವಲಿಂಗಪ್ಪನವರ ಮನೆಯ ಹಿಂದೆ ಕಾರು ನಿಲ್ಲಿಸುವ ಶೆಡ್ಡು. ಒಂದು ಬದಿಗೆ ಅವರ ತಮ್ಮ ಸದಾಶಿವನ ಹೊಸ ಕಾರು. ಇನ್ನೊಂದು ಬದಿ ಖಾಲಿ.

ಸದಾಶಿವ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ನಿಂತ. ಮತ್ತೆ ಬಂದ್ರಾ ಎನ್ನುವುದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಅಣ್ಣ ತಮ್ಮಂದಿರ ನಡುವೆ ಅಂಗಡಿ ಪಾಲಾಗಬೇಕೆಂಬ ಮಾತು ವರ್ಷದಿಂದ ನಡೆದಿತ್ತು. ಅದು ಊರಿಗೇ ಗೊತ್ತು. ಊರಿಗೆ ಗೊತ್ತಿಲ್ಲದೇ ಇದ್ದದ್ದು ಎಣ್ಣೆಯ ಜಗಳ.

ಅದನ್ನು ಅವನೇ ಹೇಳಿದ. ಹೊಸ ಕಾಲದ ಎಣ್ಣೆ ಹಾಕು, ಗಾಡಿ ಹಗುರ ಓಡುತ್ತದೆ, ಪೆಟ್ರೋಲು ಉಳಿಯುತ್ತದೆ ಎಂದು ಅಣ್ಣನಿಗೆ ಎಷ್ಟೋ ಸಲ ಹೇಳಿದ್ದನಂತೆ. ಅಣ್ಣ ಕೇಳುತ್ತಿರಲಿಲ್ಲ. ಕೊನೆಗೆ ತನ್ನ ಕಾರಿಗೆ ತರುವಾಗ ಅಣ್ಣನಿಗೂ ಒಂದು ಡಬ್ಬ ತಂದು ಕೊಟ್ಟಿದ್ದ. ಎಲ್ಲಕ್ಕಿಂತ ಚಲೋದು, ಎಲ್ಲಕ್ಕಿಂತ ದುಬಾರಿಯದು.

"ಇದನ್ನ ನಿನ್ನ ತಲಿ ಮ್ಯಾಲೆ ಸುರೀತೀನಿ ಅಂದ ಅಣ್ಣ. ಬೈಕೋತ ಡಿಕ್ಕಿಯೊಳಗ ಒಗದ. ಅಷ್ಟ ಆಗಿದ್ದು."

"ಅಂದ್ರ ತೆಳು ಎಣ್ಣಿ ತಂದಾಂವ ನೀವ."

"ತಂದಾಂವ ನಾನ. ಕೊಟ್ಟಾಂವನೂ ನಾನ. ಹಾಕಿದಾಂವ ನಾನಲ್ಲ. ನಿಮ್ಮ ಉಲ್ಲಾಸ ಶುಕ್ರವಾರ ಡಿಕ್ಕಿ ತಗದು, ಇದ್ದದ್ದನ್ನ ಸುರುವ್ಯಾನ. ಎಣ್ಣಿ ಉಳೀತಲ್ಲ ಅವಂಗ."

ಭರತ ಕಲ್ಲವ್ವನ ಮುಖ ನೋಡಿದ. ಇದಕ್ಕೇನು ಹೇಳುತ್ತೀ ಎನ್ನುವಂತೆ.

ಕಲ್ಲವ್ವ ಖಾಲಿ ಬದಿಯಲ್ಲಿ ಮೊಣಕಾಲೂರಿ ಕೂತಳು. ಮೊಣಕಾಲು ಕಟಕ್ಕೆಂದಿತು. ಅಂಗೈಯಿಂದ ಸಿಮೆಂಟಿನ ನೆಲ ಸವರಿದಳು. ಧೂಳು ಬಂತು, ಜಿಡ್ಡು ಬರಲಿಲ್ಲ.

"ಶುಕ್ರವಾರ ಸಂಜಿಯಿಂದ ಭಾನುವಾರ ಮುಂಜಾನಿತನಕ ಗಾಡಿ ಇಲ್ಲೇ ನಿಂತಿತ್ತು. ಹೌದಲ್ರಿ?"

ಹೌದು ಎಂದ ಸದಾಶಿವ.

"ಈ ತೆಳು ಎಣ್ಣಿ ಆ ಹಳೇ ಎಂಜಿನ್ನಿನ್ಯಾಗ ನಿಲ್ಲೂದಿಲ್ಲ, ಸೋರತೈತಿ. ಇದು ಉಲ್ಲಾಸನ ಮಾತಲ್ಲ, ನಿಮ್ಮ ಕಾರಿನ ಕಂಪನಿ ಮೆಕ್ಯಾನಿಕ್ಕನೂ ಅದನ್ನ ಹೇಳ್ಯಾನ, ಭರತ ಕೇಳ್ಯಾನ. ಶುಕ್ರವಾರನ ಹಾಕಿದ್ರ ಎರಡು ರಾತ್ರಿ ಇಲ್ಲೆ ತೊಟ್ಟಿಕ್ಕಬೇಕಿತ್ತು. ಎಲ್ಲೈತಿ ಎಣ್ಣಿ ಕಲಿ?"

"ಶೆಡ್ಡು ತೊಳದಾರ."

"ತೊಳದ್ರ ಹೋಗತೈತೇನು?" ಅವಳು ಮೂಲೆಯತ್ತ ಕೈ ಮಾಡಿದಳು. ಅಲ್ಲಿ ಅಂಗೈಯಗಲದ ಕಪ್ಪು ಮಚ್ಚೆಯೊಂದಿತ್ತು. "ಅದು ಯಾವಾಗಿಂದು?"

 ಉತ್ತರ ಬಂದದ್ದು ಹಿತ್ತಲ ಬಾಗಿಲಿನಿಂದ. ಸದಾಶಿವನ ಅತ್ತಿಗೆ ಗಂಗಾಂಬಿಕಾ ಅಲ್ಲಿ ಬಂದು ನಿಂತಿದ್ದಳು. ಗಂಡ ಹೋದ ಮೇಲೆ ಅವಳು ಹೊರಗಿನವರೆದುರು ಬಾಯಿ ತೆರೆದದ್ದು ಇದೇ ಮೊದಲು.

"ನಮ್ಮ ಮಾವನವರ ಕಾಲದ್ದು. ಅತ್ತಿ ಸಾಯೂತನಕ ತಿಕ್ಕಿದ್ರು. ಹೋಗಲಿಲ್ಲ."

"ಕೇಳಿದ್ರಲ್ಲ," ಎಂದಳು ಕಲ್ಲವ್ವ. ಬಹಳ ದಿನಗಳ ಮೇಲೆ ಅವಳ ಎದೆಯೊಳಗೆ ಒಂದು ಬಾಗಿಲು ಸಡಿಲಾದ ಹಾಗಾಗಿತ್ತು. "ಈ ಶೆಡ್ಡಿನಿಂದ ಗಾಡಿ ಹೊರಗ ಹೋಗುವಾಗ ಅದರೊಳಗ ಉಲ್ಲಾಸ ಹಾಕಿದ ದಪ್ಪ ಎಣ್ಣಿನ ಇತ್ತು. ದಾರಿಯೊಳಗ ಯಾರೋ ಅದನ್ನ ಇಳಿಸಿ ನೀವು ತಂದ ತೆಳು ಎಣ್ಣಿ ಹಾಕ್ಯಾರ. ದೀಪದ ವಾಯರೂ ಕಿತ್ತಾರ. ಅದು ತಪ್ಪಿ ಆದದ್ದಲ್ಲ. ಬೇಕಂತ ಮಾಡಿದ್ದು."

ಸದಾಶಿವ ಕೈ ಕಟ್ಟಿ ನಿಂತೇ ಇದ್ದ. ಅವನ ಕಿವಿ ಮಾತ್ರ ಕೆಂಪಾಗಿತ್ತು. ಇದೆಲ್ಲ ಗಾಳಿಯಲ್ಲಿ ಗುದ್ದುವ ಮಾತು, ತಾನು ಆ ಭಾನುವಾರ ಅಂಗಡಿಯಲ್ಲಿದ್ದೆ, ಬೇಕಾದರೆ ಗಿರಾಕಿಗಳನ್ನು ಕೇಳಿ ಎಂದ. ಭಾನುವಾರ ಅಂಗಡಿ ಅರ್ಧ ದಿನ ಮಾತ್ರ ತೆರೆಯುತ್ತದಲ್ಲ ಎಂದು ಭರತ ಕೇಳಿದಾಗ ಅವನು ಮೊದಲ ಸಲ ತಡವರಿಸಿದ. ಉಳಿದ ಹೊತ್ತು ಮನೆಯಲ್ಲಿ ಮಲಗಿದ್ದೆ ಎಂದ. ಮಲಗಿದ್ದನ್ನು ನೋಡಿದವರು ಯಾರು ಎಂದರೆ, ಮಲಗುವಾಗ ಸಾಕ್ಷಿ ಇಟ್ಟುಕೊಂಡು ಮಲಗುತ್ತಾರೇನು ಎಂದು ಸಿಡುಕಿದ.

ಕಲ್ಲವ್ವ ಎದ್ದು ನಿಂತಳು.

"ಹಂಗಾರ ಒಂದು ಮಾತು ಹೇಳತೀನಿ, ಭರತ, ನೀನೂ ಕೇಳಿಕೋ. ಇಳಿಸಿದ ಎಣ್ಣಿನ ಈ ಊರಾಗ ಯಾರೂ ಚೆಲ್ಲೂದಿಲ್ಲ. ಶುಕ್ರವಾರ ಇಳಿಸಿದ್ದು ಹಳೇದು, ಡಾಂಬರಿನಂಗ ಕರ್ರಗ. ಭಾನುವಾರ ಇಳಿಸಿದ್ದು ಹೊಸಾದು, ಜೇನಿನ ಬಣ್ಣ. ಮತ್ತಿಘಟ್ಟದ ಮಾಸ್ತಿ ಬೇಲಿಯೊಳಗ ಎರಡೂ ಬಣ್ಣ ಕಂಡ್ವು ಅಂದ್ರ, ಆ ಎರಡನೇ ಎಣ್ಣಿ ಇಳಿಸಿದ ಕೈ ಯಾವುದೋ ಅದ ಕೊಂದ ಕೈ. ಮಾಸ್ತಿ ಯಾರ ಹೆಸರು ಹೇಳತಾನೋ ಅವರನ್ನ ಹಿಡಿ. ನಾ ಅಡ್ಡ ಬರೂದಿಲ್ಲ."

"ಬರೆದುಕೊಳ್ಳಲಾ ಅಕ್ಕಾ?" ಎಂದ ಭರತ, ಅರ್ಧ ತಮಾಷೆಗೆ.

"ಬರಕೋ."

ಸದಾಶಿವನನ್ನೂ ಜೀಪು ಹತ್ತಲು ಹೇಳಿದಳು. ಅವನು ಹೆದರಿ ಹಿಂಜರಿಯುತ್ತಾನೆ ಎಂದುಕೊಂಡಿದ್ದಳು. ಅವನು ಚಪ್ಪಲಿ ಬದಲಿಸಿ ಬಂದು ಹಿಂದಿನ ಸೀಟಿನಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತ. ಅದನ್ನು ನೋಡಿ ಅವಳ ಕಣ್ಣಿಗೆ ಕಸ ಬಿದ್ದಂತಾಯಿತು.

ಹೊರಡುವಾಗ ಗಂಗಾಂಬಿಕಾ ಜೀಪಿನವರೆಗೂ ಬಂದಳು.

"ಅಕ್ಕಾರ, ಆ ದಿನ ಮುಂಜಾನೆ ನಮ್ಮನಿಯವರು ಒಬ್ಬರ..."

"ವೈನಿ, ಬಿಸಿಲಾಗ ನಿಲ್ಲಬ್ಯಾಡ್ರಿ. ಒಳಗ ಹೋಗ್ರಿ," ಎಂದ ಸದಾಶಿವ ಒಳಗಿನಿಂದಲೇ.

ಬಂದು ಕೇಳುತ್ತೇನೆ ತಂಗಿ ಎಂದು ಕಲ್ಲವ್ವ ಅವಳ ಕೈ ಒತ್ತಿದಳು. ಗೆದ್ದೆನೆಂಬ ಅವಸರ. ನಿಂತು ಕೇಳಿದ್ದರೆ ಎಷ್ಟು ಹೊತ್ತಾಗುತ್ತಿತ್ತು?

*

ಮಾಸ್ತಿಯ ಮನೆಗೆ ಹೋಗುವಲ್ಲಿ ದಾರಿಗೆ ಅಡ್ಡವಾಗಿ ದಣಪೆ. ಗಳಗಳನ್ನು ಸರಿಸಿ ಒಳಗೆ ಹೋಗಬೇಕು. ಭರತ ಗಳ ಹಿಡಿದವನು ಕೈ ಹಿಂದಕ್ಕೆಳೆದುಕೊಂಡು ಅಂಗೈ ನೋಡಿಕೊಂಡ. ಕರ್ರಗಾಗಿತ್ತು.

ಕಲ್ಲವ್ವ ಬೇಲಿಯ ಉದ್ದಕ್ಕೂ ನಡೆದಳು. ಗೂಟ, ಗೂಟ, ಗೂಟ. ಎಲ್ಲ ಕಪ್ಪು. ಕರಿ ಎಣ್ಣೆ ಕುಡಿದು ಇದ್ದಿಲಿನಂತಾದ ಮರ.  ಸದಾಶಿವ ಹಿಂದಿನಿಂದ, ಇನ್ನೆಷ್ಟು ದೂರ ಬೇಲಿ ಎಣಿಸಬೇಕು ಎಂದು ಕೇಳಿದ. ಅವಳು ನಡೆಯುತ್ತಲೇ ಇದ್ದಳು.

ಬೇಲಿ ತಿರುಗುವಲ್ಲಿ ಕಪ್ಪು ನಿಂತಿತು.

ಅಲ್ಲಿಂದ ಮುಂದಿನ ಗೂಟಗಳು ಹೊಸದಾಗಿ ವಾರ್ನಿಷ್ ಹೊಡೆದ ಕುರ್ಚಿಯ ಕಾಲಿನಂತಿದ್ದವು. ಮರದ ಗೆರೆ ಗೆರೆಯೂ ಕಾಣುತ್ತಿತ್ತು. ಬುಡದಲ್ಲಿ ದಪ್ಪನಾದ ಹೊಂಬಣ್ಣದ ಹನಿಗಳು, ಮಣ್ಣು ಹಿಡಿದು ನಿಂತಿದ್ದವು. ಕಲ್ಲವ್ವ ಒಂದನ್ನು ಬೆರಳಿಗೆ ತೆಗೆದುಕೊಂಡು ಎಳೆದಳು. ಬೆರಳಿನಿಂದ ಬೆರಳಿಗೆ ಎಳೆ ಕಟ್ಟಿತು.

ಉಲ್ಲಾಸ ಸುಳ್ಳು ಹೇಳಿರಲಿಲ್ಲ. ಅವನು ಹಾಕಿದ್ದು ದಪ್ಪ ಎಣ್ಣೆಯೇ. ಅವಳಿಗೆ ದಿವ್ಯಾಳಿಗೆ ಈಗಲೇ ಫೋನು ಮಾಡಿಬಿಡಬೇಕೆನಿಸಿತು. ಭರತ ಗೂಟಗಳ ಫೋಟೋ ತೆಗೆಯತೊಡಗಿದ. ಅವನ ಮುಖದಲ್ಲಿಯೂ ಒಂದು ನಗೆ ಇಣುಕಿತ್ತು.

ಮಾಸ್ತಿ ಮನೆಯ ಹಿಂದಿನಿಂದ ಕತ್ತಿ ಹಿಡಿದು ಬಂದ. ಎಪ್ಪತ್ತು ದಾಟಿದ ಗಟ್ಟಿ ಆಳು. ಪೊಲೀಸರನ್ನು ನೋಡಿ ಕತ್ತಿಯನ್ನು ಗೋಡೆಗೆ ಒರಗಿಸಿಟ್ಟು, ಹೆಂಡತಿ ಮಂಜಿಗೆ ಬೆಲ್ಲ ನೀರು ತರಲು ಕೂಗಿದ. ಶಿವಲಿಂಗಪ್ಪ ಒಡೆಯರ ಸುದ್ದಿ ಎತ್ತಿದ್ದೇ ತಡ, ಕಣ್ಣೊರೆಸಿಕೊಂಡ. ನೆನಪಿಲ್ಲದ ಮನುಷ್ಯನ ಲಕ್ಷಣ ಒಂದೂ ಇರಲಿಲ್ಲ. ಅವರು ಆ ದಿನ ಬಂದ ಹೊತ್ತು, ಉಟ್ಟ ಪಂಚೆ, ಮಂಜಿಗೆ ತಂದ ಸ್ಟೀಲಿನ ಬೋಗುಣಿ, ಎಲ್ಲ ಹೇಳಿದ. ಇಷ್ಟು ದಿನ ಪೊಲೀಸರ ಹತ್ತಿರ ಯಾಕೆ ಬರಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ ಎಂದ.

ಕರಿ ಎಣ್ಣೆಯ ಡಬ್ಬ ಒಡೆಯರೇ ಕೊಟ್ಟದ್ದು, ಎಂದಿನ ಹಾಗೆ. ಹೊಂಬಣ್ಣದ್ದು ಡಬ್ಬದಲ್ಲಿ ಬಂದದ್ದಲ್ಲ.

"ಇಲ್ಲೇ ಇಳಿಸಿದ್ದು," ಎಂದು ಮಾಸ್ತಿ ಅಂಗಳದ ಒಂದು ಕಡೆ ತೋರಿಸಿದ. ನೆಲದಲ್ಲಿ ಎಣ್ಣೆ ಇಂಗಿದ ಕಲೆ ಇನ್ನೂ ಇತ್ತು. "ಒಡೆಯರು ಒಳಗೆ ಅವಲಕ್ಕಿ ತಿನ್ನೂಕೆ ಕೂತಿದ್ರು. ಕಾರಿನ ಅಡಿಗೆ ನಮ್ಮ ಬಾಣಲೆ ಇಟ್ಟು ಇಳಿಸಿದ್ದು. ಇಷ್ಟು ಚಲೋ ಎಣ್ಣೆ ಎಂತಕ್ಕೆ ತೆಗೀತೆ ಅಂತ ನಾ ಕೇಳ್ದೆ. ಒಡೆಯರ ಮಾತು ಅಂದ. ಒಡೆಯರ ಗಾಡಿ, ಒಡೆಯರ ಎಣ್ಣೆ. ನಾನೆಂತ ಹೇಳೂದು? ಬೇಲಿಗೆ ಬಳಿದೆ."

ಕಲ್ಲವ್ವ ಸದಾಶಿವನ ತೋಳು ಹಿಡಿದು ಒಂದು ಹೆಜ್ಜೆ ಮುಂದಕ್ಕೆ ತಂದಳು.

"ಸರಿಯಾಗಿ ನೋಡಪಾ ಮಾಸ್ತಿ. ಇವರೇನು?"

ಮಾಸ್ತಿ ಸದಾಶಿವನನ್ನು ಮೇಲಿನಿಂದ ಕೆಳಗೆ ನೋಡಿದ. ಬಿಳಿ ಅಂಗಿಯ ಮೇಲೆ ಅವನ ಕಣ್ಣು ಸ್ವಲ್ಪ ಹೊತ್ತು ನಿಂತಿತು.

"ಇವರು ಯಾರು ಅಮ್ಮಾ? ಇವರನ್ನ ನಾ ಕಂಡದ್ದೇ ಇಲ್ಲ."

"ಮತ್ತ ಇಳಿಸಿದಾಂವ ಯಾರು?"

"ಗ್ಯಾರೇಜಿನ ಉಲ್ಲಾಸ. ಒಡೆಯರ ಸಂಗಡವೇ ಕಾರಲ್ಲಿ ಬಂದಿದ್ದ, ಹೋಗೂವಾಗ ಗ್ಯಾರೇಜಿನ ಹತ್ರ ಇಳೀತೆ ಅಂದ. ಅವನಲ್ದೆ ಇನ್ಯಾರಿಗೆ ಬತ್ತದೆ ಆ ಗಾಡಿ ಬಿಚ್ಚೂಕೆ?"

ಮಂಜಿ ತಂದಿಟ್ಟ ಬೆಲ್ಲದ ತುಂಡುಗಳ ಮೇಲೆ ಇರುವೆ ಹತ್ತುತ್ತಿತ್ತು. ಯಾರೂ ಕೈ ಹಾಕಲಿಲ್ಲ.

ಶುಕ್ರವಾರದ ನಂತರ ಆ ಕಾರನ್ನು ಕಣ್ಣಿನಿಂದಲೂ ನೋಡಿಲ್ಲ ಎಂದು ಉಲ್ಲಾಸ ಅವಳ ಮುಂದೆ ಹೇಳಿದ್ದ. ಒಂದು ಸಲವಲ್ಲ, ಕೇಳಿದಾಗಲೆಲ್ಲ. ಕಲ್ಲವ್ವ ಮಾಸ್ತಿಯನ್ನು ಇನ್ನೊಮ್ಮೆ ಕೇಳಿದಳು. ಬೇರೆ ಯಾರಾದರೂ ಇರಬಹುದು, ಮರೆತಿರಬಹುದು ಎಂದಳು. ಮಂಜಿಯನ್ನು ಕರೆದು ಕೇಳಿದಳು. ಉಲ್ಲಾಸನಿಗೆ ಕೈ ತೊಳೆಯಲು ಸೀಗೆಪುಡಿ ಕೊಟ್ಟದ್ದು ತಾನೇ ಎಂದಳು ಮಂಜಿ.

ವಾರವಿಡೀ ಅಲೆದು, ಎಲ್ಲರ ಬಾಯಿಗೆ ಬಿದ್ದು, ಕೊನೆಗೂ ಒಂದು ಸಾಕ್ಷಿಯನ್ನು ಕೈಯಾರೆ ಅಗೆದು ತೆಗೆದಿದ್ದಳು. ಅದು ಯಾರನ್ನು ಉಳಿಸಬೇಕಿತ್ತೋ ಅವನ ಕುತ್ತಿಗೆಗೇ ಬಿದ್ದಿತ್ತು. ಹಗ್ಗ ಹೊಸೆದುಕೊಟ್ಟವಳೂ ಅವಳೇ. ಯಾರ ಹೆಸರು ಹೇಳತಾನೋ ಅವರನ್ನ ಹಿಡಿ ಎಂದು ಭರತನ ಕೈಲಿ ಬರೆಸಿಯೂ ಆಗಿತ್ತು. ಅವಳಿಗೆ ಉಲ್ಲಾಸನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ತನ್ನ ಬಾಯಿಯ ಮೇಲೆ ಬಂತು.

"ಆತಲ್ರಿ ಅಕ್ಕಾರ?" ಎಂದ ಸದಾಶಿವ ಮೆಲ್ಲಗೆ. "ಮನಿಗೆ ಹೋಗೂಣೇನು?"

ಭರತ ಟೋಪಿ ಸರಿಮಾಡಿಕೊಂಡು ಮೊಬೈಲು ತೆಗೆದ. ಅವನು ಸ್ಟೇಷನ್ನಿಗೆ ನಂಬರು ಒತ್ತುವ ಮೊದಲೇ ಕಲ್ಲವ್ವನ ಫೋನು ಕೂಗಿತು.

ದಿವ್ಯಾ.

ಎತ್ತಲು ಅವಳಿಗೆ ಮನಸ್ಸಾಗಲಿಲ್ಲ. ಎತ್ತದೇ ಇರಲೂ ಆಗಲಿಲ್ಲ. ಆ ಕಡೆ ಬಸ್ಸಿನ ಗದ್ದಲ, ಕಂಡಕ್ಟರನ ಸೀಟಿ.

"ಅಕ್ಕಾ, ಸಿದ್ದಾಪುರ ಬಂತು. ಇನ್ನೊಂದು ಬಸ್ಸು ಹಿಡಿದ್ರೆ ಹೇರೂರು. ನೀವು ಹೇಳಿದ ಹಾಗೇ ಅಮ್ಮನ ಮನೇಲಿ ನಾಲ್ಕು ದಿನ ಇರ್ತೇನೆ. ನೀವಿದ್ದೀರಿ ಅಂತ ಧೈರ್ಯ."

"ನಾ ಹೇಳಿದಂಗ? ನಾ ಏನು ಹೇಳೇನವಾ?"

"ನೀವು ಫೋನ್ ಮಾಡಿದ್ರಂತಲ್ಲ, ನೀವು ಹೊರಟ ಮೇಲೆ. ಇವರು ಹೇಳಿದ್ರು. ನನ್ನನ್ನ ತವರಿಗೆ ಕಳಿಸಿ, ಗಂಗಾಂಬಿಕಮ್ಮನ್ನ ಕರ್ಕೊಂಡು ಮತ್ತಿಘಟ್ಟಕ್ಕೆ ಬಾ ಹೇಳಿದ್ರಂತೆ. ಆ ರಿಪೇರಿಯ ವ್ಯಾನು ತಗೊಂಡು ಹೋಗ್ಯಾರೆ. ಇನ್ನೂ ಮುಟ್ಟಲಿಲ್ವಾ ಅವರು?"

"ಗಂಗಾಂಬಿಕಾನ್ನ?" ಎಂದು ಕಲ್ಲವ್ವ ದಣಪೆಯತ್ತ ನೋಡಿದಳು. ಗಳಗಳು ಭರತ ಸರಿಸಿಟ್ಟ ಹಾಗೇ ಇದ್ದವು. ದಾರಿಯಲ್ಲಿ ಯಾವ ಗಾಡಿಯ ಸದ್ದೂ ಇರಲಿಲ್ಲ.

ಅವಳ ಮುಖ ನೋಡಿದ ಸದಾಶಿವನ ಕಾಲು ಮೇಲೆ ಕಾಲಿನ ಧಿಮಾಕು ಇಳಿದುಹೋಯಿತು. ಏನಾಯಿತು, ವೈನಿಯ ಹೆಸರು ಯಾಕೆ ಬಂತು ಎಂದು ಕೇಳುತ್ತಲೇ ಮನೆಗೆ ಫೋನು ಹಚ್ಚಿದ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿದ. ಎತ್ತಿದ್ದು ಮನೆಗೆಲಸದ ಹೊನ್ನಿ. ಅಮ್ಮಾರು ಇಲ್ಲ, ಗ್ಯಾರೇಜಿನವರ ವ್ಯಾನಿನಲ್ಲಿ ಹೋದರು ಎಂದಳು.

"ಎಳಕೊಂಡು ಹೋದನೇನು?" ಸದಾಶಿವ ಫೋನಿಗೆ ಬಾಯಿ ಹಚ್ಚಿ ಕೂಗಿದ. "ವೈನಿ ಕೂಗಿಕೊಳ್ಳಲಿಲ್ಲೇನು?"

"ಇಲ್ಲ ಒಡೆಯ," ಎಂದಳು ಹೊನ್ನಿ. "ಕೂಗೂದೆಂತಕ್ಕೆ? ಅಮ್ಮಾರು ಬೆಳಿಗ್ಗೇನೇ ಬ್ಯಾಗು ಕಟ್ಟಿಟ್ಕೊಂಡು ಅವ್ರ ದಾರಿ ಕಾಯ್ತಿದ್ರು."